ಅಟ್ಟದ ಕಾಯಿ

"ಕೈ ರಿಲ್ಯಾಕ್ಸ್ ಮಾಡಿ ಅಜ್ಜೀ," ಎಂದು ನರ್ಸ್ ಮತ್ತೆ ಹೇಳಿದಳು. ವಿಶಾಲಮ್ಮನ ಮುಷ್ಟಿ ಇನ್ನಷ್ಟು ಬಿಗಿಯಾಯಿತು. "ಒಳಗೇನು ಚಿನ್ನ ಇಟ್ಕೊಂಡಿದ್ದೀರಾ? ಬಿಪಿ ಹೆಂಗೆ ನೋಡ್ಲಿ ನಾನು?"

ಪಕ್ಕದಲ್ಲಿ ನಿಂತಿದ್ದ ಸೊಸೆ ದ್ರಾಕ್ಷಾಯಣಿ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅರಸೀಕೆರೆಯಿಂದ ಕಣಕಟ್ಟೆಗೆ ಹೊರಟ ಬಸ್ಸಿನಲ್ಲಿ ವಿಶಾಲಮ್ಮ ಕೇಳಿದರು. "ಇಂಗ್ಲಿಷಲ್ಲಿ ಎಂ.ಎ. ಮಾಡಿದೀಯಲ್ಲ, ಆ ರಿಲ್ಯಾಕ್ಸು ಅಂದ್ರೆ ಏನೇ?"

"ಬಿಗಿ ಹಿಡಿದಿದ್ದನ್ನ ಸಡಿಲ ಬಿಡೋದು ಅತ್ತೆ."

"ಕೈಗಷ್ಟೇ ಹೇಳ್ತಾರಾ?"

"ಕೈಗೂ ಹೇಳ್ತಾರೆ, ಮನಸ್ಸಿಗೂ ಹೇಳ್ತಾರೆ."

"ನಾವಾಗೇ ಮಾಡಾದಾ, ತಾನಾಗೇ ಆಗಾದಾ?"

"ಎರಡಕ್ಕೂ ಅದೇ ಮಾತು."

"ಯಾರೋ ಹೇಳ್ಬುಟ್ರೆ ಆಗ್ಬುಡ್ತದಾ? ನಿಂಗೂ ಹೇಳಿದ್ರಲ್ಲ, ಅವತ್ತು ಆ ಡಾಕ್ಟ್ರು."

ದ್ರಾಕ್ಷಾಯಣಿ ಕಿಟಕಿಯ ಕಡೆ ತಿರುಗಿದಳು. ಗಂಡ ತೀರಿಕೊಂಡ ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಬಿಗಿದುಕೊಂಡು ಕೂತೇ ಇದ್ದಳು. ಇವತ್ತಿನವರೆಗೂ ಕಣ್ಣಲ್ಲಿ ಒಂದು ಹನಿ ಬಂದಿಲ್ಲ. "ಓದಿದೋಳಲ್ವಾ, ಕಲ್ಲು ಕಣವ್ವಾ," ಎಂದು ಬೀದಿಯ ಹೆಂಗಸರು ಆಡಿಕೊಂಡದ್ದು ಅವಳಿಗೂ ಕೇಳಿಸಿತ್ತು.

ಮನೆಯ ಜಗಲಿಯ ಮೇಲೆ ಕಾಯಿ ಸುಲಿಯುವ ಮರುಳಪ್ಪ ಕಾಯುತ್ತಿದ್ದ.

"ಈ ಸಲಾನೂ ವಾಪಸ್ ಕಳಿಸ್ಬ್ಯಾಡಿ ಕಣವ್ವಾ. ವರ್ಷ ತುಂಬ್ತಾ ಬಂತು. ಇನ್ನೂ ಬಿಟ್ರೆ ಅಟ್ಟದಲ್ಲೇ ಹುಳ ಬೀಳ್ತದೆ."

ಒಣಗಿ ಕೊಬ್ಬರಿಯಾಗಲೆಂದು ಆ ಕಾಯಿಗಳನ್ನು ಅಟ್ಟಕ್ಕೆ ಏರಿಸಿದವನು ಕುಮಾರಸ್ವಾಮಿ. ದ್ರಾಕ್ಷಾಯಣಿ ಕೆಳಗಿನಿಂದ ಒಂದೊಂದೇ ಎತ್ತಿ ಕೊಟ್ಟಿದ್ದಳು. "ಬೇಗ ಕೊಡಿ ಮೇಡಮ್ಮಾರೇ, ನನ್ ಮುಖ ಆಮೇಲೆ ನೋಡಿದ್ರಾಯ್ತು," ಎಂದು ಗಂಡ ಏಣಿಯ ಮೇಲಿಂದ ನಕ್ಕಿದ್ದ. ಮುಂದಿನ ವಾರ ಬಾಣಾವರದ ರಸ್ತೆಯಲ್ಲಿ ಅವನ ಲೂನಾಕ್ಕೆ ಲಾರಿ ಬಡಿಯಿತು. ಅಂದಿನಿಂದ ಆ ಅಟ್ಟಕ್ಕೆ ಯಾರೂ ಕೈ ಹಾಕಿರಲಿಲ್ಲ. ಮರುಳಪ್ಪ ಬಂದಾಗಲೆಲ್ಲ ಮುಂದಿನ ವಾರ ಬನ್ನಿ ಎಂದು ಕಳಿಸುತ್ತಿದ್ದವಳು ಅವಳೇ.

"ಅವಳು ಹೂಂ ಅಂದ್ರೆ ಇಳಿಸು ಮರುಳಪ್ಪ," ಎಂದರು ವಿಶಾಲಮ್ಮ. "ಬಲವಂತ ಇಲ್ಲ."

ದ್ರಾಕ್ಷಾಯಣಿ ತಾನೇ ಏಣಿ ಹತ್ತಿದಳು. ಮುಂದಿನ ಸಾಲಿನಿಂದ ಒಂದು ಕಾಯಿ ತೆಗೆದುಕೊಂಡು ಇಳಿದಳು. ಮೈಯೆಲ್ಲ ಧೂಳಾಯಿತು. ಮರುಳಪ್ಪ ಅದನ್ನು ಇಸಕೊಂಡು ಕಿವಿಯ ಹತ್ತಿರ ಅಲುಗಿಸಿದ. ಒಳಗೆ ಕೊಬ್ಬರಿ ಲೊಟಲೊಟ ಅಂದಿತು.

"ಕೇಳುದ್ರಾ? ನೀರೆಲ್ಲ ಇಂಗಿ ಚಿಪ್ಪು ಬಿಟ್ಟೈತೆ."

ಅವಳು ಕಾಯಿಯನ್ನು ವಾಪಸು ಕೇಳಿ ಪಡೆದಳು. ಜಗಲಿಯ ಅಂಚಿನಲ್ಲಿ ಕೂತಳು.

"ಇಳಿಸಿ," ಎಂದಳು.

ಮರುಳಪ್ಪ ತಲೆಗೆ ಟವಲು ಸುತ್ತಿ ಮೇಲೆ ಹತ್ತಿದ. ಅಂಗಳಕ್ಕೆ ಕಾಯಿಗಳು ಧಪಧಪ ಬೀಳತೊಡಗಿದವು. ಅಟ್ಟ ಬರಿದಾಗುವ ಹೊತ್ತಿಗೆ ಬಿಸಿಲು ಜಗಲಿ ಬಿಟ್ಟಿತ್ತು. ಕೊನೆಗೆ ಅವನು ಅವಳ ಮುಂದೆ ಬಂದು ಕೈ ಚಾಚಿದ.

"ಅದನ್ನೂ ಕೊಡವ್ವಾ, ಸುಲಿದಾಕ್ಬುಡ್ತೀನಿ."

ದ್ರಾಕ್ಷಾಯಣಿ ಎರಡೂ ಕೈಯಿಂದ ಹಿಡಿದೇ ಇದ್ದಳು.

"ಅದೊಂದು ಇರ್ಲಿ ಬುಡೋ," ಎಂದು ವಿಶಾಲಮ್ಮ ಬಂದು ಸೊಸೆಯ ಪಕ್ಕ ಕೂತರು.

ಮರುಳಪ್ಪ ರಾಶಿಯ ಕಡೆ ಹೋದ. ಆಮೇಲೆ ಅವಳ ಮಡಿಲಲ್ಲಿದ್ದ ಕಾಯಿಯ ಮೇಲೆ ಒಂದು ಹನಿ ಬಿತ್ತು. ಒಳಗೆ ಕೊಬ್ಬರಿ ಮೆಲ್ಲಗೆ ಚಿಪ್ಪಿಗೆ ಬಡಿಯತೊಡಗಿತು. ಲೊಟ. ಲೊಟ. ಬರುಬರುತ್ತ ಜೋರಾಯಿತು.