ನೆಟ್ಟಗೆ ಕೊರೆದ ತೂತುಗಳು

ಪರೀಕ್ಷೆಯ ಪರದೆಯ ಮೇಲಿನ ಗೆರೆಯಲ್ಲಿ ಎರಡನೆಯ ಶಿಖರ ಎದ್ದು ನಿಂತಾಗ, ಆಂಟೆನಾ ವಿನ್ಯಾಸ ಮಾಡಿದ್ದ ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಂಟೆನಾ ನೋಡಬೇಕಾದದ್ದು ಒಂದೇ ದಿಕ್ಕು. ಈ ಮಹಾರಾಯ ಎಡಕ್ಕೂ ಅಷ್ಟೇ ಜೋರಾಗಿ ನೋಡುತ್ತಿದ್ದಾನೆ!

"ಮುಚ್ಚಳ ತೆಗೀರಿ," ಎಂದರು ಪ್ರಯೋಗಾಲಯದ ಮುಖ್ಯಸ್ಥರು.

ತೆಗೆದರೆ ಒಳಗಿನ ಫಲಕದ ತೂತುಗಳಲ್ಲಿ ಪುಟಾಣಿ ಆಂಟೆನಾಗಳು ಶಾಲೆಯ ಕವಾಯತಿನಂತೆ ಸಮ ಅಂತರದಲ್ಲಿ ಸಾಲಾಗಿ ನಿಂತಿವೆ. ಅವಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಹುಡುಕಿದ್ದೇ ಅವು ಸಾಲಾಗಿ ನಿಲ್ಲದ ಜಾಗಗಳನ್ನು. ಅರ್ಧದಷ್ಟೇ ಆಂಟೆನಾ ಇಟ್ಟು ಕೆಳಗಿನ ಆವರ್ತನದಿಂದ ಮೇಲಿನದರವರೆಗೆ ಕೆಲಸ ತೆಗೆಯಬೇಕೆಂದರೆ ಅಂತರಗಳು ಒಂದರಂತೆ ಒಂದಿರಬಾರದು. ಇದ್ದರೆ ಇಂಥ ಸುಳ್ಳು ಶಿಖರ ಏಳುತ್ತದೆ.

"ಯಾರ್ರೀ ಇದನ್ನ ಕೊರೆದಿದ್ದು?" ಎಂದು ಮುಖ್ಯಸ್ಥರು ಕೇಳಿದರು.

"ನಾನೇ ಸಾರ್," ಎಂದರು ವರ್ಕ್‌ಶಾಪಿನ ಫಿಟ್ಟರ್, ಹೆಮ್ಮೆಯಿಂದಲೇ. ಇಡೀ ಕಟ್ಟಡಕ್ಕೆ ಅವರು ಗೆರೆ ಮಾವ. ಅವರ ಡ್ರಿಲ್ಲು ಗೆರೆ ತಪ್ಪಿದ್ದನ್ನು ಕಂಡವರಿಲ್ಲ. "ಡ್ರಾಯಿಂಗಲ್ಲಿ ಎಲ್ಲಾ ಸೊಟ್ಟಪಟ್ಟ ಇತ್ತು. ಕರಡು ಇರ್ಬೇಕು ಅಂತ ನೆಟ್ಟಗೆ ಮಾಡಿದೆ. ಮೇಡಂನೂ ಒಂದ್ಮಾತು..."

ಕೇಳಿದ್ದರು, ಹೌದು. ಅವಳು ಆಗ ಫೋನಿನಲ್ಲಿದ್ದಳು. ಮಾವ ಹಾಳೆ ಹಿಡಿದು ಬಾಗಿಲಲ್ಲಿ ನಿಂತು, "ಇದು ಸೊಟ್ಟ ಇದ್ಯಲ್ಲ ಮಗಳೇ, ಸರಿ ಮಾಡ್ಲಾ?" ಅಂದಾಗ ಫೋನಿಗೆ ಕೈ ಅಡ್ಡ ಹಿಡಿದು, "ನಿಮಗೆ ನಾನು ಹೇಳ್ಕೊಡ್ಬೇಕಾ ಮಾವ? ನೀವು ಮಾಡಿದ್ದೇ ಸರಿ," ಎಂದು ನಕ್ಕುಬಿಟ್ಟಿದ್ದಳು. ಹಾಳೆಯತ್ತ ಕಣ್ಣೂ ಹಾಯಿಸಿರಲಿಲ್ಲ. ಮರ್ಯಾದೆಯಂತೆ ಮರ್ಯಾದೆ! ವಿವರಿಸಲು ಸೋಮಾರಿತನ, ಅಷ್ಟೇ.

ಮುಖ್ಯಸ್ಥರು ಅವಳ ಕಡೆ ತಿರುಗಿದರು. ಈ ಪರೀಕ್ಷೆ ಕೆಟ್ಟರೆ ಯೋಜನೆ ಬೇರೆಯವರ ಕೈಗೆ ಹೋಗುತ್ತದೆಂದು ಬೆಳಿಗ್ಗೆಯಷ್ಟೇ ಎಚ್ಚರಿಸಿದ್ದರು.

"ನಾನು ಡ್ರಾಯಿಂಗ್ ಸರಿಯಾಗೇ ಕೊಟ್ಟಿದ್ದೆ ಸಾರ್," ಎಂದಳು. ಒಂದಕ್ಷರ ಸುಳ್ಳಿರಲಿಲ್ಲ.

ಮಾವ ಅವಳ ಮುಖ ನೋಡಿದರು. ಆಮೇಲೆ, "ಹೌದು ಸಾರ್. ನಂದೇ ತಪ್ಪು," ಎಂದರು.

ಹೊಸ ಫಲಕದ ಕೆಲಸ ಹೊರಗಿನ ಕಾರ್ಖಾನೆಗೆ ಹೋಯಿತು. ಮಾವ ಇನ್ನು ಆಂಟೆನಾ ಮುಟ್ಟುವುದು ಬೇಡ, ನಿವೃತ್ತಿಯವರೆಗೆ ಕುರ್ಚಿ, ಕಪಾಟು ರಿಪೇರಿ ನೋಡಿಕೊಳ್ಳಲಿ ಎಂದೂ ತೀರ್ಮಾನವಾಯಿತು.

ಮಧ್ಯಾಹ್ನ ಅವಳು ವರ್ಕ್‌ಶಾಪಿಗೆ ಹೋದಾಗ ಅವರು ಒಂದು ಕಪಾಟಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದರು.

"ಮಾವ, ಸಾರ್ ಹತ್ರ ಹೋಗಿ ನಿಜ ಹೇಳ್ತೀನಿ."

"ಹೇಳೋ ಹೊತ್ತಲ್ಲಿ ಬಾಯಿಗೆ ಬೀಗ ಬಿದ್ದಿತ್ತಾ?" ಎಂದರು ತಲೆ ಎತ್ತದೆ. ಆಮೇಲೆ ತಾವೇ ಮೆತ್ತಗಾದರು. "ಅದಿರ್ಲಿ. ಸೊಟ್ಟ ಇಟ್ರೇನೇ ನೆಟ್ಟಗೆ ನೋಡುತ್ತಂತಲ್ಲ, ಅದ್ಯಾಕೆ? ಅದನ್ನ ಹೇಳು."

ಬೆಂಚಿನ ಮೇಲೆ ಸ್ಕ್ರೂಗಳನ್ನು ಹರಡಿ ಹೇಳಿದಳು. ಸಮ ಅಂತರದಲ್ಲಿ ದೂರ ದೂರ ನಿಂತರೆ ಬೇಡದ ದಿಕ್ಕಿಗೂ ಎಲ್ಲ ಸೇರಿ ಒಂದೇ ದನಿಯಲ್ಲಿ ಕೂಗುತ್ತವೆ. ಅಂತರ ಕೆಡಿಸಿದರೆ ಅಲ್ಲಿ ಒಂದರ ದನಿಗೆ ಇನ್ನೊಂದು ಹೊಂದುವುದಿಲ್ಲ, ಕೂಗು ಚದುರಿಹೋಗುತ್ತದೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟೇನಾ?" ಮಾವ ಅವಳನ್ನೇ ನೋಡಿದರು. "ಅವತ್ತೇ ಹೇಳಿದ್ರೆ ಎಂಥಾ ಸೊಟ್ಟ ಕೊರೀತಿದ್ದೆ ಗೊತ್ತಾ! ಕೂದಲೆಳೆ ಆಚೀಚೆ ಆಗ್ತಿರ್ಲಿಲ್ಲ."

ಅವಳು ಸ್ಕ್ರೂಗಳನ್ನು ಬೆಂಚಿನ ಮೇಲೆಯೇ ಬಿಟ್ಟಳು. ಮುಖ್ಯಸ್ಥರ ಕೋಣೆಗೆಂದು ಎದ್ದಳು. ಹೋಗಿ ಹೇಳಿದರೂ ಆ ಫಲಕ ಈ ಬೆಂಚಿಗೆ ಮರಳಿ ಬರುವುದಿಲ್ಲ.

ಬಾಗಿಲಲ್ಲಿ ತಿರುಗಿ ನೋಡಿದಳು. ಮಾವ ಬೆಂಚಿನ ಮೇಲೆ ಬಾಗಿ, ಒಂದು ಕಣ್ಣು ಮುಚ್ಚಿ, ಬೆರಳ ತುದಿಯಿಂದ ಒಂದು ಸ್ಕ್ರೂವನ್ನು ಸಾಲಿನಿಂದ ಚೂರು ಆಚೆಗೆ ಸರಿಸಿದರು. ನೋಡಿದರು. ಇನ್ನೂ ಚೂರು ಸರಿಸಿದರು.