ಮೂರು ಕಿಲೋ ಹಿಂದಿದ್ದ ಮುಳ್ಳು

ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಒಂದು ತೂಕದ ಯಂತ್ರ, ಮನುಷ್ಯರು ಹತ್ತಿ ನಿಲ್ಲುವಂಥದ್ದು. ಮುಳ್ಳು ತೋರಿಸಿ ಸುಮ್ಮನಿರಬೇಕಾದ ವಸ್ತು ಕಥೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ಹೇಳುವುದರಲ್ಲಿ ತಪ್ಪೂ ಇರಬಹುದು. ಆದರೆ ಹೇಳದೆ ಇರುವುದಕ್ಕೆ ಇನ್ನೂ ಹೆಚ್ಚು ಭಯವಾಗುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಹೊಟ್ಟೆಯೊಳಗೆ ಸ್ಪ್ರಿಂಗು ಇಟ್ಟರು, ಮೇಲೆ ಕಪ್ಪು ರಬ್ಬರು ಅಂಟಿಸಿದರು, ಗಾಜಿನ ಮುಖ ಕೊಟ್ಟರು. ಪಕ್ಕದಲ್ಲಿ ಒಂದು ಸಣ್ಣ ತಿರುಪು. ಯಾರೂ ನಿಂತಿರದಾಗ ಮುಳ್ಳು ಸೊನ್ನೆಯ ಮೇಲಿರಬೇಕು. ಸರಿದರೆ ಆ ತಿರುಪಿನಿಂದ ಸರಿಮಾಡಬೇಕು. ಕೊನೆಗೆ ಒಬ್ಬ ಮುದುಕ ಇಪ್ಪತ್ತು ಕಿಲೋ ಕಬ್ಬಿಣದ ಕಲ್ಲನ್ನು ನನ್ನ ಮೇಲಿಟ್ಟು, ಬಗ್ಗಿ ನೋಡಿ, "ಖರೇ ಹೇಳ್ತೈತಿ" ಎಂದ. ಆ ಮಾತು ಕೇಳಿದಾಗಿನಿಂದ ನನಗೆ ಹೆದರಿಕೆ. ಎಂದಾದರೂ ಸುಳ್ಳು ಹೇಳಿಬಿಟ್ಟರೆ?

ಮೊದಲು ಗದಗಿನ ಡಾಕ್ಟರ್ ಇನಾಮದಾರರ ದವಾಖಾನೆಗೆ ಹೋದೆ. ಅವರು ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನನ್ನ ಸೊನ್ನೆ ನೋಡುತ್ತಿದ್ದರು. ಬಂದವರು ಉಸಿರು ಹಿಡಿದು ಹತ್ತುತ್ತಿದ್ದರು. ಒಬ್ಬ ವ್ಯಾಪಾರಿ ಗೋಡೆಗೆ ಕೈ ಊರಿ ನಿಂತಾಗ ಡಾಕ್ಟರು, "ಗ್ವಾಡಿ ಬಿಡ್ರಿ ಸಾಹುಕಾರ್ರ, ಅದರ ತೂಕ ಬ್ಯಾರೆ ನೋಡೋಣಂತ" ಎಂದು ನಗಿಸಿದ್ದರು. ಅಲ್ಲಿ ನನಗೆ ನೆಮ್ಮದಿಯಿತ್ತು. ಅವರಿಗೆ ವಯಸ್ಸಾಗಿ ದವಾಖಾನೆ ಮುಚ್ಚಿದಾಗ ನನ್ನನ್ನು ಒಂದು ಹೈಸ್ಕೂಲಿಗೆ ಕೊಟ್ಟರು.

ಅಲ್ಲಿ ನನ್ನ ಯಜಮಾನರು ಆಟದ ಮಾಸ್ತರು, ಬೆಟಗೇರಿ ಸರ್. ಅವರ ಕೋಣೆಗೆ ಅಂಟಿಕೊಂಡು ಕಸ್ತೂರವ್ವನ ಕ್ಯಾಂಟೀನು. ನೆಲದ ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಚಪ್ಪಲಿಗಳು, ಮತ್ತು ಬಣ್ಣಬಣ್ಣದ ಬಾಟಲಿಗಳು ತುಂಬಿದ ಗಾಜಿನ ಫ್ರಿಜ್ಜು.

ಒಂದು ಜೂನ್ ತಿಂಗಳಲ್ಲಿ ಸರಕಾರದ ಸುತ್ತೋಲೆ ಬಂತು. ಮಕ್ಕಳಲ್ಲಿ ಬೊಜ್ಜು ಹೆಚ್ಚುತ್ತಿದೆ. ಶಾಲೆಯೊಳಗೆ, ಶಾಲೆಯ ಗೇಟಿನ ಮುಂದೆ ಸಿಹಿ ಪಾನೀಯ ಮಾರಬಾರದು. ಮಕ್ಕಳ ತೂಕವನ್ನು ಈಗೊಮ್ಮೆ, ಡಿಸೆಂಬರಿನಲ್ಲೊಮ್ಮೆ ನೋಡಿ ಕಳಿಸಬೇಕು. ಫ್ರಿಜ್ಜು ಹೊರಗೆ ಹೋಯಿತು. ಅದರ ಜಾಗದಲ್ಲಿ ನೀರಿನ ಕೊಡ, ಮಜ್ಜಿಗೆಯ ಪಾತ್ರೆ ಬಂದವು.

"ನನ್ನ ಮಜ್ಜಿಗಿ ಯಾರು ಕುಡೀತಾರ್ರೀ ಮಾಸ್ತರ? ಈ ಹುಡುಗ್ರಿಗೆ ಬಣ್ಣ ಇರಬೇಕು, ಮ್ಯಾಲೆ ಗುಳ್ಳಿ ಏಳಬೇಕು" ಎಂದಳು ಕಸ್ತೂರವ್ವ.

ಮಕ್ಕಳು ಸಾಲಾಗಿ ಬಂದು ಹತ್ತಿ ಇಳಿದರು. ಒಂಬತ್ತನೆಯ ತರಗತಿಯ ರೋಹಿಣಿ ನಲವತ್ತೆಂಟು ಕಿಲೋ ಇದ್ದಳು. ಗಟ್ಟಿ ಪಾದದ ಹುಡುಗಿ.

ಡಿಸೆಂಬರ್ ಬಂತು. ಫಾರಮಿನಲ್ಲಿ ಎರಡೇ ಕಾಲಂ: ಆಗಿನ ತೂಕ, ಈಗಿನ ತೂಕ. ಎತ್ತರಕ್ಕೆ ಜಾಗವಿರಲಿಲ್ಲ. ಬೆಟಗೇರಿ ಸರ್ ಅದನ್ನು ಮಡಚಿದರು, ಬಿಡಿಸಿದರು, ತಮ್ಮಷ್ಟಕ್ಕೇ ಅಂದುಕೊಂಡರು: "ಬೆಳಿಯೋ ಹುಡುಗ್ರು, ತೂಕ ಏರದ ಏನ್ ಮಾಡ್ತೈತಿ? ಯಾಕ ಏರೇತಿ ಅಂತ ನನ್ನ ಕೇಳ್ತಾರ." ಅವರು ಕೆಟ್ಟವರಲ್ಲ. ಹೆದರಿದ್ದರು. ಬಾಗಿಲತ್ತ ಒಮ್ಮೆ ನೋಡಿ ನನ್ನ ತಿರುಪನ್ನು ಹಿಂದಕ್ಕೆ ತಿರುಗಿಸಿದರು, ಮೂರು ಕಿಲೋ. ಖಾಲಿ ಇದ್ದಾಗ ನನ್ನ ಮುಖವನ್ನು ಯಾರೂ ನೋಡುವುದಿಲ್ಲ.

ಎಲ್ಲ ಮಕ್ಕಳೂ ಒಂದೊಂದು ಕಿಲೋ ಇಳಿದಂತೆ ಕಂಡರು. ನನ್ನ ಸ್ಪ್ರಿಂಗಿಗೆ ಮಾತ್ರ ನಿಜ ತಿಳಿಯುತ್ತಿತ್ತು. ಅವರು ಎರಡೆರಡು ಕಿಲೋ ಏರಿದ್ದರು.

ಆಮೇಲೆ ರೋಹಿಣಿ ಹತ್ತಿದಳು. ಪಾದ ನಡುಗುತ್ತಿತ್ತು. ಸ್ಪ್ರಿಂಗಿಗೆ ತಿಳಿದದ್ದು ನಲವತ್ತೆರಡು. ಮುಳ್ಳು ತೋರಿಸಿದ್ದು ಮೂವತ್ತೊಂಬತ್ತು.

"ಒಂಬತ್ತು ಕಿಲೋ ಇಳಿಸ್ಯಾಳ! ಚಪ್ಪಾಳಿ ತಟ್ಟ್ರಿ!" ಎಂದರು ಸರ್. ಎಲ್ಲರೂ ತಟ್ಟಿದರು.

"ಸರ್, ನೀರು ಕುಡಿದು ಬರ್ಲೇನ್ರಿ?" ಎಂದಳು ರೋಹಿಣಿ.

"ಈಗರ ಕುಡದು ಬಂದೀಯಲ್ಲ. ಹೋಗು."

ನಾನು ಕಿರುಗುಟ್ಟಿದೆ. ಹಳೆಯ ಸ್ಪ್ರಿಂಗು ಎಂದುಕೊಂಡರು. ಎಲ್ಲರೂ ಇಳಿದಿರುವಾಗ ಒಬ್ಬಳು ಹೆಚ್ಚು ಇಳಿದದ್ದು ಯಾರಿಗೆ ಅನುಮಾನ ತರುತ್ತದೆ? ಆ ಅನುಮಾನವನ್ನು ನನ್ನ ಮುಳ್ಳೇ ಮುಚ್ಚಿಹಾಕಿತ್ತು. ಕಾಗದ ಅಂದೇ ಮೇಲಿನ ಆಫೀಸಿಗೆ ಹೋಯಿತು.

ಮೂರನೆಯ ದಿನ ಕಸ್ತೂರವ್ವ ತಮಾಷೆಗೆ ನನ್ನ ಮೇಲೆ ಹತ್ತಿದಳು.

"ಮಾಸ್ತರ, ಹೋದ ವಾರ ದವಾಖಾನ್ಯಾಗ ಎಪ್ಪತ್ತೊಂದಿದ್ನಿ. ಇಲ್ಲಿ ಅರವತ್ತೆಂಟಂತ! ನಾ ಒಂದ್ ಚಾ ಸೈತ ಬಿಟ್ಟಿಲ್ಲ."

ಅವಳು ಒಳಗೆ ಹೋಗಿ, ಹೊಲಿಗೆ ಬಿಚ್ಚದ ಹತ್ತು ಕಿಲೋ ಅಕ್ಕಿಯ ಚೀಲ ತಂದು ನನ್ನ ಮೇಲಿಟ್ಟಳು. ಮುಳ್ಳು ಏಳಕ್ಕೆ ನಿಂತಿತು. ಅವಳ ನಗು ಹೋಯಿತು.

"ಯಾಕ್ ಹಿಂಗ್ ಮಾಡಿದ್ರಿ ಅಂತ ನಾ ಕೇಳಂಗಿಲ್ಲ. ಆ ರೋಹಿಣಿ ನನ್ನ ಕೊಡಾ ಬರಿದು ಮಾಡ್ತಾಳ. ಡಬ್ಬಿ ಉಂಡು ಮತ್ತ ಹಸಿವು ಅಂತಾಳ. ಆದ್ರೂ ಕಡ್ಡಿ ಆಗ್ಯಾಳ. ನಮ್ಮ ತಂಗಿ ಮಗಳಿಗೆ ಹಿಂಗ ಆಗಿತ್ತು. ಸಕ್ಕರಿ ಬ್ಯಾನಿ."

"ಸಣ್ಣ ಹುಡುಗಿಗೆ ಸಕ್ಕರಿ ಬ್ಯಾನಿ?"

"ಬರ್ತೈತ್ರೀ. ನಾ ಕಣ್ಣಾರೆ ಕಂಡೇನಿ."

ಸರ್ ಲೆಕ್ಕ ಹಾಕಿದರು. "ಮೂರು ಕೂಡಿಸಿದ್ರೂ... ಆರು ಕಮ್ಮಿ" ಎಂದರು. ತರಗತಿಗೆ ಓಡಿಹೋಗಿ ಬಂದರು. "ನಿನ್ನೆಯಿಂದ ಬಂದಿಲ್ಲಂತ. ವಾಂತಿ ಅಂತ."

ಇಬ್ಬರೂ ಅವಳ ಮನೆಯತ್ತ ಹೊರಟುಹೋದರು. ಕ್ಯಾಂಟೀನಿನ ಬಾಗಿಲು ತೆರೆದೇ ಇತ್ತು. ಅಕ್ಕಿಯ ಚೀಲ ನನ್ನ ಮೇಲೆಯೇ ಇತ್ತು. ಆ ಮಧ್ಯಾಹ್ನವೆಲ್ಲ ನಾನು ಏಳು, ಏಳು ಎಂದು ಸುಳ್ಳು ಹೇಳುತ್ತಲೇ ಇದ್ದೆ.

ಮರುದಿನ ಸರ್ ಒಬ್ಬರೇ ಬಂದರು. ಆ ಚೀಲ ಮೇಲಿರುವಾಗಲೇ ತಿರುಪನ್ನು ಸರಿಮಾಡಿದರು. ಮೂರು ಸಲ ಇಳಿಸಿ, ಮೂರು ಸಲ ಇಟ್ಟು ನೋಡಿದರು. ಹತ್ತು ತೋರಿಸಿದೆ. ಬಳಿಕ ನನ್ನನ್ನು ಎತ್ತಿ, ಹರಿದ ವಾಲಿಬಾಲ್ ನೆಟ್ಟಿನ ಕೆಳಗೆ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು.

ಈಗ ಇಲ್ಲಿ ಕತ್ತಲೆ. ಹೊರಗೆ ಹೊಸ ಯಂತ್ರ ಬಂದಿದೆ. ಅದರ ಟುಂಯ್ ಎನ್ನುವ ಸದ್ದು ಕೇಳುತ್ತದೆ. ಕಸ್ತೂರವ್ವ ಮಜ್ಜಿಗೆ ಕಡೆಯುವುದೂ ಕೇಳುತ್ತದೆ. ಬಾಟಲಿ ನಿಲ್ಲಿಸಿದ್ದರಿಂದ ಮಕ್ಕಳಿಗೆ ಎಷ್ಟು ಒಳ್ಳೆಯದಾಯಿತೋ ನನಗೆ ತಿಳಿಯದು. ಆಗಿರಬಹುದು. ಆದರೆ ನಮ್ಮ ಶಾಲೆಯ ಕಾಗದ ನೋಡಿ ಅದನ್ನು ಯಾರೂ ಹೇಳಲಾರರು, ಏಕೆಂದರೆ ಅದರಲ್ಲಿರುವುದು ನನ್ನ ಸುಳ್ಳು.

ಕಪಾಟಿನ ಆಚೆ ಹೆಸರು ಕರೆಯುವ ಸದ್ದಾದಾಗಲೆಲ್ಲ ಕಿವಿಗೊಡುತ್ತೇನೆ. ಆ ಹೆಸರು ಇನ್ನೂ ಬಂದಿಲ್ಲ. ಅವಳು ಬೇರೆ ಶಾಲೆಗೆ ಸೇರಿರಬಹುದು. ಸರ್ ಮತ್ತು ಕಸ್ತೂರವ್ವ ಅಂದು ತಲುಪಿದಾಗ ಇನ್ನೂ ಹೊತ್ತಿತ್ತೋ, ಮೀರಿತ್ತೋ, ರೋಹಿಣಿ ಉಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.