ಮೂವತ್ತೈದನೆಯ ನಿಮಿಷ

ಮೂರನೆಯ ಕೇಕಿನೊಳಕ್ಕೆ ಇಳಿದ ಚಾಕು ಕರಕರ ಸದ್ದು ಮಾಡಿತು. ಒಳ್ಳೆಯ ಚಾಕೊಲೇಟ್ ಕೇಕಿನಲ್ಲಿ ಚಾಕು ಸದ್ದು ಮಾಡುವುದಿಲ್ಲ ಎಂಬಷ್ಟು ತಿಳಿವಳಿಕೆ ಅಡುಗೆಮನೆಯಲ್ಲಿದ್ದ ಇಬ್ಬರಿಗೂ ಇತ್ತು.

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮನೆಯವರೆಲ್ಲ ಅವರಿಬ್ಬರ ನಾದಿನಿಯಾದ ಮದುಮಗಳನ್ನು ಕರೆದುಕೊಂಡು ನೋಂದಣಿ ಕಚೇರಿಗೆ ಹೋಗಿದ್ದರು. ಸಹಿಯ ಕೆಲಸ ಮುಗಿಸಿ, ಗಂಡಿನ ಕಡೆಯವರನ್ನೂ ಜೊತೆಗೂಡಿಸಿಕೊಂಡು, ಸರಿಯಾಗಿ ನಾಲ್ಕು ಗಂಟೆಗೆ ಚಹಾಕ್ಕೆಂದು ಇದೇ ಮನೆಗೆ ಬರುವವರಿದ್ದರು. ಇಪ್ಪತ್ತು ಜನ. ಅವರಲ್ಲಿ ಒಬ್ಬರು ಮದುಮಗನ ತಾಯಿ. ಮೂವತ್ತು ವರ್ಷಗಳಿಂದ ಬೇಕರಿ ನಡೆಸುತ್ತಿದ್ದವರು.

ಆ ಬೀಗಿತ್ತಿ, ಕೇಕನ್ನು ತಾವೇ ತರುವುದಾಗಿ ಎರಡು ವಾರದ ಹಿಂದೆ ಫೋನಿನಲ್ಲಿ ಹೇಳಿದ್ದರು. "ನೀವು ಕೈ ಬೀಸಿಕೊಂಡು ಬನ್ನಿ. ಅವಳಿಗೆ ಇಷ್ಟವಾದ ಚಾಕೊಲೇಟ್ ಕೇಕನ್ನ ಮನೇಲಿ ನಾನೇ ಮಾಡ್ತೀನಿ" ಎಂದು ಉತ್ತರ ಕೊಟ್ಟವಳು ಮನೆಯ ಹಿರಿಯ ಸೊಸೆ. ವೃತ್ತಿಯಿಂದ ದರ್ಜಿ. ಸದಾ ಕೊರಳಲ್ಲಿ ಅಳತೆಯ ಟೇಪು ತೂಗಾಡುತ್ತಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ಟೇಪಮ್ಮ. ಆಗ ಪಕ್ಕದಲ್ಲೇ ನಿಂತಿದ್ದ ನಾದಿನಿ ಅವಳ ತೋಳು ಹಿಡಿದು, "ಅತ್ತಿಗೆ, ಅವರು ನಮ್ಮ ಮನೆಯ ಬಗ್ಗೆ ಮೊದಲು ತಿಳ್ಕೊಳ್ಳೋದೇ ನಿಮ್ಮ ಕೇಕಿನಿಂದ" ಎಂದಿದ್ದಳು. ತಮಾಷೆಗೆ ಹೇಳಿದ ಮಾತಲ್ಲ ಎಂದು ಟೇಪಮ್ಮನಿಗೆ ಗೊತ್ತಿತ್ತು.

ಅಂದಿನಿಂದ ಅವಳು ಹನ್ನೊಂದು ರೆಸಿಪಿಗಳನ್ನು ಕಲೆಹಾಕಿದ್ದಳು: ಪತ್ರಿಕೆಯ ತುಣುಕುಗಳು, ಗಿರಾಕಿಗಳು ಬಾಯಲ್ಲಿ ಹೇಳಿದ್ದು, ಕೋಕೋ ಡಬ್ಬಿಯ ಹಿಂಬದಿಯದು. ಅವುಗಳಲ್ಲಿ ಮೂರನ್ನು ಮಾಡಿನೋಡಿದ್ದಳು. ಮೂರೂ ಕೈಕೊಟ್ಟಿದ್ದವು.

"ಇದೂ ಒಣಕಲು," ಎಂದಳು ತುಣುಕೊಂದನ್ನು ಬಾಯಿಗೆ ಹಾಕಿಕೊಂಡು. "ಈ ರೆಸಿಪಿ ಬರೆದೋರು ಜನ್ಮದಲ್ಲಿ ಕೇಕ್ ತಿಂದಿಲ್ಲ."

"ಮೊನ್ನೆಯದರ ಬಗ್ಗೆಯೂ ಹೀಗೇ ಅಂದ್ರಿ, ಅಕ್ಕ," ಎಂದಳು ಓರಗಿತ್ತಿ. ಟೇಪಮ್ಮನ ಮೈದುನನ ಹೆಂಡತಿ ಅವಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವ ಕೆಲಸ. "ಬೇಕರಿಗೆ ಫೋನ್ ಮಾಡಿಬಿಡ್ಲಾ? ಇನ್ನೂ ಹೊತ್ತಿದೆ."

"ಯಾವ ಬೇಕರಿಗೆ?"

"ಬೀಗಿತ್ತಿಯವರದು ಬಿಟ್ಟು ಯಾವುದಾದ್ರೂ."

"ಮೂವತ್ತು ವರ್ಷ ಅದೇ ಕೆಲಸ ಮಾಡಿದೋರಿಗೆ ಬೇರೆ ಅಂಗಡಿ ಕೇಕು ಗೊತ್ತಾಗಲ್ವಾ? ನನ್ನ ಬಟ್ಟೆ ಮಧ್ಯೆ ಇನ್ನೊಬ್ಬರ ಹೊಲಿಗೆ ಇದ್ರೆ ನಾನು ದೂರದಿಂದಲೇ ಹೇಳ್ತೀನಿ. ಬೇಡ. ನಾನೇ ಮಾಡ್ತೀನಿ, ಚೆನ್ನಾಗೇ ಮಾಡ್ತೀನಿ."

ಅದು ಜಂಬದ ಮಾತಾಗಿರಲಿಲ್ಲ. ಕೆಟ್ಟ ಬಟ್ಟೆಯಲ್ಲೂ ಒಳ್ಳೆಯ ಅಂಗಿ ಹೊಲಿದುಕೊಟ್ಟ ಕೈಗಳ ಮೇಲೆ ಅವಳಿಗೆ ನಂಬಿಕೆಯಿತ್ತು. ಆದರೆ ಉಳಿದಿದ್ದ ಚಾಕೊಲೇಟು ಒಂದೇ ಒಂದು ಕೇಕಿಗೆ ಸಾಲುವಷ್ಟು. ಉಳಿದಿದ್ದ ಹೊತ್ತೂ ಅಷ್ಟೇ.

ಓರಗಿತ್ತಿ ಒಣ ಕೇಕಿನ ಚೂರೊಂದನ್ನು ಅಗಿದು ನುಂಗಿದಳು. "ಅಕ್ಕ, ನಮ್ಮ ಕಡೆ ಮೂರು ಬೇರೆ ಬೇರೆ ಮನೆಯ ರೋಗಿಗಳಿಗೆ ಒಂದೇ ಲಕ್ಷಣ ಕಾಣಿಸಿದ್ರೆ, ನಾವು ರೋಗಿಗಳನ್ನ ಬಯ್ಯಲ್ಲ. ಅವರೆಲ್ಲ ಕುಡಿದ ನೀರನ್ನ ಪರೀಕ್ಷೆ ಮಾಡ್ತೀವಿ."

"ಅಂದ್ರೆ ನೀರು ನಾನಾ?"

"ನಾನು ಹಾಗೆಂದ್ನಾ? ನೀವು ಮಾಡ್ತಾ ಹೋಗಿ. ನೀವು ಮಾಡಿದ್ದನ್ನೆಲ್ಲ ನಾನು ಬರ್ಕೊಳ್ತೀನಿ. ಅಷ್ಟೇ."

"ಬರ್ಕೋ. ನಾಳೆ ನಿನಗೇ ಉಪಯೋಗಕ್ಕೆ ಬರುತ್ತೆ," ಎಂದು ಮೂಗು ಮುರಿದ ಟೇಪಮ್ಮ, ಉಳಿದ ಎಂಟು ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು. ಒಂದು ಚೀಟಿ 'ಹತ್ತಿಯಂತೆ ಮೃದು' ಎಂದು ಹೊಗಳಿಕೊಂಡಿತ್ತು, ಇನ್ನೊಂದು 'ತಪ್ಪುವುದೇ ಇಲ್ಲ' ಎಂದು ಪ್ರಮಾಣ ಮಾಡಿತ್ತು. ಹಳೆಯ ಗಿರಾಕಿಯೊಬ್ಬಳು ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದ ಒಂದು ಹಾಳೆಯ ಮೇಲೆ ಮಾತ್ರ ಅವಳ ಬೆರಳು ನಿಂತಿತು. ಕೊನೆಯ ಸಾಲು ಹೀಗಿತ್ತು: 'ಕಡ್ಡಿ ಚುಚ್ಚಿದರೆ ತೇವದ ಪುಡಿ ಅಂಟಿರಬೇಕು. ಆರಿದ ಮೇಲೆ ನಡುವೆ ಸ್ವಲ್ಪ ಕುಸಿಯುತ್ತದೆ, ನೋಡಲು ಚೆನ್ನಾಗಿರುವುದಿಲ್ಲ.'

"ಇದನ್ನೇ ಮಾಡ್ತೀನಿ. ಹನ್ನೊಂದರಲ್ಲಿ ತನ್ನ ದೋಷ ತಾನೇ ಹೇಳ್ಕೊಂಡಿರೋದು ಇದೊಂದೇ. ಇವಳು ಮಾಡಿ ನೋಡಿಯೇ ಬರೆದಿದ್ದಾಳೆ."

ಬೆಣ್ಣೆಯೂ ಚಾಕೊಲೇಟೂ ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ ಕರಗಿ ಹೊಳೆಯತೊಡಗಿದವು. ನಾಲ್ಕು ಮೊಟ್ಟೆ, ಸಕ್ಕರೆ, ಅರ್ಧ ಲೋಟ ಕಡುಕಾಫಿ. ಓರಗಿತ್ತಿಯ ಪೆನ್ಸಿಲು ಒಂದೊಂದನ್ನೂ ದಾಖಲಿಸಿತು. ತಕ್ಕಡಿಯ ಮೇಲೆ ಮೈದಾ ನೂರಿಪ್ಪತ್ತೈದು ಗ್ರಾಂ ಮುಟ್ಟಿತು. ಟೇಪಮ್ಮ ಅದನ್ನು ಬಟ್ಟಲಿನ ಪಕ್ಕದ ತಟ್ಟೆಗೆ ಸುರಿದಳು. ಅದೇ ಓಘದಲ್ಲಿ ಡಬ್ಬಿಗೆ ಕೈಹಾಕಿ ಮತ್ತೊಂದು ಹಿಡಿ ಸೇರಿಸಿದಳು.

ಪೆನ್ಸಿಲು ನಿಂತಿತು.

"ಅದೇನದು?"

"ಯಾವುದು?"

"ಈಗ ಹಾಕಿದ್ದು."

"ಮೈದಾ."

"ಮೈದಾ ತೂಕ ಮಾಡಿ ಆಗಿತ್ತಲ್ಲ, ಅಕ್ಕ."

"ಆಗಿತ್ತು. ಇದು..." ಟೇಪಮ್ಮ ತನ್ನ ಬಿಳಿಯಾದ ಅಂಗೈಯನ್ನೇ ನೋಡಿಕೊಂಡಳು. "ಇದು ಹೊಲಿಗೆಗೆ."

ಇಪ್ಪತ್ತೆರಡು ವರ್ಷಗಳಿಂದ ಅವಳು ಅಳತೆಯಷ್ಟಕ್ಕೇ ಬಟ್ಟೆ ಕತ್ತರಿಸಿದವಳಲ್ಲ. ಹೊಲಿಗೆ ಹಾಕಲು ಅಂಚಿನಲ್ಲಿ ಅರ್ಧ ಇಂಚು ಬಿಡಲೇಬೇಕು. ಹೆಚ್ಚಾದರೆ ಮಡಚಬಹುದು, ಕಡಿಮೆಯಾದರೆ ಬಟ್ಟೆಯೇ ಹಾಳು. ಆ ಅರ್ಧ ಇಂಚು ಕೈಯೊಳಗೆ ಎಷ್ಟು ಆಳವಾಗಿ ಕೂತಿತ್ತೆಂದರೆ, ಅದು ಹಿಟ್ಟಿನ ಡಬ್ಬಿಗೂ ಇಳಿದದ್ದು ಅವಳಿಗೆ ತಿಳಿದೇ ಇರಲಿಲ್ಲ.

"ಒಂದು ಕೇಳ್ಲಾ?" ಓರಗಿತ್ತಿ ನಗುವನ್ನು ಹಲ್ಲಿನ ನಡುವೆ ಹಿಡಿದುಕೊಂಡಿದ್ದಳು. "ಚೀಟಿಯಲ್ಲಿ ಮೂವತ್ತೈದು ನಿಮಿಷ ಅಂತಿದೆ. ನೀವು ಅಲಾರಾಂ ಎಷ್ಟಕ್ಕೆ ಇಡ್ತಿದ್ರಿ?"

"ನಲವತ್ತೈದಕ್ಕೆ."

"ಅದೂ ಹೊಲಿಗೆಗೇನಾ?"

"ಬಾಯ್ಮುಚ್ಚು," ಎಂದ ಟೇಪಮ್ಮ ತಾನೇ ಮೊದಲು ನಕ್ಕಳು. ಆಮೇಲೆ ಹೆಚ್ಚಿನ ಹಿಟ್ಟನ್ನು ಚಮಚದಿಂದ ತೆಗೆದು, ಉಳಿದದ್ದನ್ನು ಮತ್ತೆ ತೂಗಿ, ಮುಳ್ಳು ನೂರಿಪ್ಪತ್ತೈದಕ್ಕೆ ನಿಂತಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಹನ್ನೆರಡೂ ಇಪ್ಪತ್ತಕ್ಕೆ ಟಿನ್ನು ಓವನ್ನಿನ ಒಳಗೆ ಹೋಯಿತು.

ಇಪ್ಪತ್ತನೆಯ ನಿಮಿಷಕ್ಕೆ ಕಹಿ ಬೆರೆತ ಸಿಹಿ ವಾಸನೆ ಎದ್ದಿತು. ಮೂವತ್ತಕ್ಕೆ ಅಂಚುಗಳು ಟಿನ್ನಿನಿಂದ ಬಿಡಿಸಿಕೊಂಡವು. ಮೂವತ್ತೈದಕ್ಕೆ ಟೇಪಮ್ಮ ಬಾಗಿಲು ತೆರೆದು ಟಿನ್ನನ್ನು ಮೆಲ್ಲಗೆ ಅಲುಗಿಸಿದಳು. ಅಂಚು ಗಟ್ಟಿಯಾಗಿತ್ತು, ನಡುಭಾಗ ನಡುಗಿತು. ಕಡ್ಡಿ ಚುಚ್ಚಿ ತೆಗೆದಳು. ಕಪ್ಪು, ಒದ್ದೆ ಪುಡಿ.

"ಹಸಿ ಇದೆಯಲ್ಲ," ಎಂದಳು ಓರಗಿತ್ತಿ. ಅವಳ ದನಿಯಲ್ಲಿ ಈಗ ನಗುವಿರಲಿಲ್ಲ. "ಇನ್ನೈದು ನಿಮಿಷ ಬಿಡೋಣವಾ, ಅಕ್ಕ? ಅವರ ಮುಂದೆ ಕೊಯ್ದಾಗ ಹರಿದುಬಂದ್ರೆ?"

ಐದು ನಿಮಿಷ ಎಂದರೆ ಅರ್ಧ ಇಂಚು. ಟೇಪಮ್ಮನ ಬೆರಳುಗಳೆಲ್ಲ ಅದನ್ನೇ ಬೇಡುತ್ತಿದ್ದವು. ಬಾಗಿಲು ಮುಚ್ಚಿದರೆ ಕೇಕು ನಿಲ್ಲುವುದು ಖಂಡಿತ. ಒಣಗುವುದೂ ಅಷ್ಟೇ ಖಂಡಿತ. ತೆಗೆದರೆ ಯಾವುದೂ ಖಂಡಿತವಿಲ್ಲ. ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಅಂಟಿದ್ದದ್ದು ಹಸಿ ಹಿಟ್ಟಲ್ಲ, ಪುಡಿ. ಬೆರಳಲ್ಲಿ ಒತ್ತಿದರೆ ಹರಡಲಿಲ್ಲ, ಉಂಡೆಯಾಯಿತು.

"ಹಿಟ್ಟಾಗಿದ್ರೆ ಹರಡ್ತಿತ್ತು," ಎಂದಳು. "ಪಕ್ಕಕ್ಕೆ ಸರಿ."

ಟಿನ್ನು ಹೊರಗೆ ಬಂತು.

ಅರ್ಧ ಗಂಟೆಯಲ್ಲಿ ಕೇಕಿನ ನಡುವೆ ಹಳ್ಳ ಬಿತ್ತು. ಓರಗಿತ್ತಿ ತಲೆಯ ಮೇಲೆ ಕೈಹೊತ್ತಳು. ಟೇಪಮ್ಮ ಮಾತ್ರ ಚೀಟಿಯ ಕೊನೆಯ ಸಾಲನ್ನು ತೋರಿಸಿ, ಬಿಸಿ ಕೆನೆಯಲ್ಲಿ, ಮೇಲೆ ಹಾಕಲೆಂದು ಎತ್ತಿಟ್ಟಿದ್ದ ಚಾಕೊಲೇಟನ್ನು ಕಲಸಿ ಹಳ್ಳ ತುಂಬುವಂತೆ ಸುರಿದಳು. ಮೇಲ್ಮೈ ಕನ್ನಡಿಯಂತೆ ಸಮವಾಯಿತು. ಒಳಗೇನಾಗಿದೆ ಎಂಬುದು ಕೊಯ್ಯುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ.

ನಾಲ್ಕು ಗಂಟೆಗೆ ಮನೆ ತುಂಬಿತು. ಮದುಮಗಳು ಮೊದಲ ತುಂಡನ್ನು ಅತ್ತೆಯ ತಟ್ಟೆಗೇ ಬಡಿಸಿದಳು. ತುಂಡು ನಿಂತಿತು, ಹರಿಯಲಿಲ್ಲ. ಒಳಭಾಗ ಕಡುಗಪ್ಪಾಗಿ, ಒತ್ತಾಗಿ, ತೇವದಿಂದ ಮಿನುಗುತ್ತಿತ್ತು.

ಬೀಗಿತ್ತಿ ತಿನ್ನುವ ಮೊದಲು ಒಂದು ಚೂರನ್ನು ಬೆರಳುಗಳ ನಡುವೆ ಒತ್ತಿ ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡರು.

"ಎಷ್ಟು ಹೊತ್ತು ಇಟ್ಟಿದ್ರಿ?"

"ಮೂವತ್ತೈದು ನಿಮಿಷ," ಎಂದಳು ಟೇಪಮ್ಮ, ಕಣ್ಣು ತಗ್ಗಿಸದೆ.

"ನಾನಾಗಿದ್ರೆ ಮೂವತ್ಮೂರಕ್ಕೇ ತೆಗೀತಿದ್ದೆ."

ಮದುಮಗಳ ಮುಖ ಬಿಳಿಚಿಕೊಂಡಿತು. ಬೀಗಿತ್ತಿ ಚಮಚದಿಂದ ತಟ್ಟೆಯ ಕೊನೆಯ ಪುಡಿಯನ್ನೂ ಬಳಿದು ತಿಂದು, ಖಾಲಿ ತಟ್ಟೆಯನ್ನು ಟೇಪಮ್ಮನ ಕಡೆಗೆ ಚಾಚಿದರು. "ಎರಡು ನಿಮಿಷದ ಮಾತು ನಮ್ಮನಮ್ಮಲ್ಲಿರಲಿ. ಈ ಸಲ ನಡುಭಾಗದ್ದು ಕೊಡಿ. ದೊಡ್ಡದೇ ಇರಲಿ."

"ಮುಂದಿನ ಸಲ ನೀವೇ ಬಂದು ಓವನ್ ಮುಂದೆ ನಿಂತ್ಕೊಳ್ಳಿ. ಮೂವತ್ನಾಲ್ಕಕ್ಕೆ ರಾಜಿ ಮಾಡ್ಕೊಳ್ಳೋಣ," ಎನ್ನುತ್ತ ಟೇಪಮ್ಮ ನಡುಭಾಗದ ದೊಡ್ಡ ತುಂಡನ್ನು ಬಡಿಸಿದಳು.

ಬೀಗಿತ್ತಿ ಗಟ್ಟಿಯಾಗಿ ನಕ್ಕರು. ಮದುಮಗಳು ಕುರ್ಚಿ ಎಳೆದುಕೊಂಡು ಕೂತು, ತನ್ನ ತಟ್ಟೆಯನ್ನು ಎದೆಯ ಹತ್ತಿರಕ್ಕೆ ಸರಿಸಿಕೊಂಡಳು. ಒಂದು ತುತ್ತಿಗೆಂದು ಚಮಚ ಚಾಚಿದ ಹೊಸ ಗಂಡನಿಗೆ ಅವಳು ಕೊಟ್ಟ ಉತ್ತರ ಎಲ್ಲರಿಗೂ ಕೇಳಿಸಿತು:

"ನಿಮ್ಮಮ್ಮನ್ನ ಕೇಳಿ. ಅವರಿಗೆ ಎರಡು ತುಂಡು ಸಿಕ್ಕಿದೆ."